ಡಾನ್ ಚೆರ್ರಿಗೆ ಟ್ರಂಪೆಟ್ ಸರಿಯಾಗಿ ಬರುತ್ತಿರಲಿಲ್ಲ ಅಂತಾರೆ, ನೀವೇನಂತೀರಿ?

ಹೊಸಕಿವಿ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಜಾಝ್ ಕೇಳಲು ಶುರು ಮಾಡಿ ಎರಡು ವರ್ಷ ಆಯ್ತು. ಹೋದ ವಾರ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ 1959ರ ಆಲ್ಬಂ ‘ದಿ ಶೇಪ್ ಆಫ್ ಜಾಝ್ ಟು ಕಮ್’ ಕೇಳಿದೆ. ಮೊದಲನೆಯದೇ ‘ಲೋನ್ಲಿ ವುಮನ್’. ಕೆಳಗೆ ಡ್ರಮ್ಸ್ ಓಡುತ್ತಿದೆ, ಮೇಲೆ ಸ್ಯಾಕ್ಸೊಫೋನು ಟ್ರಂಪೆಟ್ಟು ಎರಡೂ ಸೇರಿ ನಿಧಾನವಾಗಿ, ಆ ಓಟಕ್ಕೂ ತಮಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಹಾಡುತ್ತಿವೆ. ಮುಗಿದ ಮೇಲೆ ಎದ್ದು ದೀಪ ಆರಿಸಿ ಬಂದು ಮತ್ತೆ ಮೊದಲಿನಿಂದ ಕೇಳಿದೆ.

ನನಗೆ ಜಾಸ್ತಿ ಹಿಡಿಸಿದ್ದು ಆ ಟ್ರಂಪೆಟ್ಟು. ಹೆಸರು ನೋಡಿದೆ, ಡಾನ್ ಚೆರ್ರಿ. ಜಾಝ್ ಬಲ್ಲ ಗೆಳೆಯನಿಗೆ ಹೇಳಿದರೆ ಅವನು, “ಆ ಗುಂಪಿನಲ್ಲಿ ಅವನೇ ವೀಕು, ಸ್ವರ ಒಡೆಯುತ್ತೆ, ಕೈ ಓಡಲ್ಲ” ಅಂದುಬಿಟ್ಟ. ಬೇಜಾರಾಯ್ತು. ನನ್ನ ಕಿವಿಗೆ ಕೇಳಿಸಿದ್ದು ಏನು ಹಾಗಾದರೆ? ಇವರ ಬಗ್ಗೆ ಗೊತ್ತಿದ್ದವರು ದಯವಿಟ್ಟು ಹೇಳಿ. ಎಷ್ಟು ಉದ್ದ ಬರೆದರೂ ಓದುತ್ತೇನೆ.

ಮಂದ್ರ · ಶನಿವಾರ ರಾತ್ರಿ 11:15

ಉದ್ದ ಬರೆದರೂ ಓದುತ್ತೇನೆ ಅಂದಿರಲ್ಲ, ಹಾಗಾದರೆ ಶುರು ಮಾಡ್ತೀನಿ. ಇಪ್ಪತ್ತು ವರ್ಷದಿಂದ ಇವರನ್ನು ಕೇಳುತ್ತಿದ್ದೇನೆ. ನಿಮ್ಮ ಕಿವಿ ಸರಿಯಾಗೇ ಇದೆ.

ಚೆರ್ರಿ ಹುಟ್ಟಿದ್ದು 1936ರ ನವೆಂಬರ್ 18ರಂದು, ಓಕ್ಲಹೋಮಾ ಸಿಟಿಯಲ್ಲಿ. ಅಪ್ಪ ಕಪ್ಪು ಜನಾಂಗದವರು, ಅಮ್ಮನ ಕಡೆಯಿಂದ ಚೋಕ್ಟಾ ಬುಡಕಟ್ಟಿನ ರಕ್ತ. ಅಪ್ಪ ಟ್ರಂಪೆಟ್ ನುಡಿಸುತ್ತಿದ್ದರು, ಅಮ್ಮ ಮತ್ತು ಅಜ್ಜಿ ಪಿಯಾನೋ. 1940ರಲ್ಲಿ ಸಂಸಾರ ಲಾಸ್ ಏಂಜಲಿಸ್‌ನ ವಾಟ್ಸ್ ಬಡಾವಣೆಗೆ ಬಂತು. ಅಪ್ಪ ಅಲ್ಲಿನ ಸೆಂಟ್ರಲ್ ಅವೆನ್ಯೂದ ಒಂದು ಕ್ಲಬ್ಬಿನಲ್ಲಿ ಬಾರ್ ನೋಡಿಕೊಳ್ಳುತ್ತಿದ್ದರು. ಮನೆ ಒಳಗೂ ಸಂಗೀತ, ಬೀದಿಯಲ್ಲೂ ಸಂಗೀತ.

ಹೈಸ್ಕೂಲಿನಲ್ಲಿ ಹುಡುಗ ತನ್ನ ಶಾಲೆಗೆ ಚಕ್ಕರ್ ಹಾಕಿ ಜೆಫರ್ಸನ್ ಹೈಸ್ಕೂಲಿಗೆ ಹೋಗುತ್ತಿದ್ದ. ಯಾಕೆ ಅಂದ್ರೆ ಅಲ್ಲಿ ಸ್ಯಾಮ್ಯುಯೆಲ್ ಬ್ರೌನ್ ಅನ್ನೋ ಮೇಷ್ಟ್ರು ಒಳ್ಳೆ ಬ್ಯಾಂಡ್ ಕಟ್ಟಿದ್ದರು. ಬ್ಯಾಂಡಿಗೋಸ್ಕರ ಪಾಠ ತಪ್ಪಿಸಿದ್ದಕ್ಕೆ ಇವನನ್ನು ಹಾದಿ ತಪ್ಪಿದ ಹುಡುಗರ ಶಾಲೆಗೆ ಹಾಕಿದರು. ಅಲ್ಲಿ ಸಿಕ್ಕಿದ್ದು ಡ್ರಮ್ಮರ್ ಬಿಲ್ಲಿ ಹಿಗಿನ್ಸ್! ನೀವು ‘ಲೋನ್ಲಿ ವುಮನ್’ನಲ್ಲಿ ಕೇಳಿದ ಆ ಓಟ ಅದೇ ಹಿಗಿನ್ಸ್ ಅವರದ್ದು. ಅದೇ ದಿನಗಳಲ್ಲಿ ಕ್ಲಿಫರ್ಡ್ ಬ್ರೌನ್ ಜೊತೆ ಕೂತು ಕಲಿಯುವ ಭಾಗ್ಯವೂ ಸಿಕ್ಕಿತು. ಕ್ಲಿಫರ್ಡ್ ಅಂದರೆ ಆ ಕಾಲದ ಅತ್ಯಂತ ಶುದ್ಧ ನಾದದ ಟ್ರಂಪೆಟ್ಟು. 1956ರಲ್ಲಿ, 25ನೇ ವಯಸ್ಸಿಗೇ, ಕಾರು ಅಪಘಾತದಲ್ಲಿ ಹೋಗಿಬಿಟ್ಟರು. ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ಚೆರ್ರಿಗೆ ‘ಸರಿಯಾಗಿ ನುಡಿಸೋದು’ ಹೇಗಿರುತ್ತೆ ಅಂತ ಗೊತ್ತಿರಲಿಲ್ಲ ಅನ್ನೋ ಮಾತು ನಿಲ್ಲೋದಿಲ್ಲ. ಅದನ್ನು ಒಂದು ಗೇಣು ದೂರದಿಂದ ಕೇಳಿದವರು ಅವರು.

ಆಮೇಲೆ ಆರ್ನೆಟ್ ಸಿಕ್ಕರು. 1958ರಲ್ಲಿ ಇಬ್ಬರ ಮೊದಲ ರೆಕಾರ್ಡು ಬಂತು. 1959ರ ಬೇಸಿಗೆಯಲ್ಲಿ ಇಬ್ಬರೂ ಮ್ಯಾಸಚೂಸೆಟ್ಸ್‌ನ ಲೆನಾಕ್ಸ್‌ನಲ್ಲಿ ನಡೆದ ಜಾಝ್ ಶಾಲೆಗೆ ಹೋದರು. ನವೆಂಬರ್ 17ಕ್ಕೆ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಕಛೇರಿ ಶುರು. ಎರಡು ವಾರದ ಮಟ್ಟಿಗೆ ಕರೆದದ್ದು, ಎರಡು ತಿಂಗಳು ದಾಟಿತು. ಊರಿನ ಸಂಗೀತಗಾರರೆಲ್ಲ ಬಂದು ಕೂತರು. ಅರ್ಧ ಜನ ಇದು ಹೊಸ ದಾರಿ ಅಂದರು, ಅರ್ಧ ಜನ ಇದು ಮೋಸ ಅಂದರು. ಆರ್ಕೆಸ್ಟ್ರಾ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಮೆಚ್ಚಿದರು, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ಗೆ ಹಿಡಿಸಲಿಲ್ಲ. ನಿಮ್ಮ ಗೆಳೆಯ ಹೇಳಿದ ಮಾತು ಆ ಕ್ಲಬ್ಬಿನಲ್ಲೇ ಹುಟ್ಟಿದ್ದು. 60 ವರ್ಷಕ್ಕೂ ಜಾಸ್ತಿ ಆಯ್ತು, ಇನ್ನೂ ಓಡಾಡುತ್ತಿದೆ.

ಬ್ಯಾಂಡ್‌ಮೇಷ್ಟ್ರು · ಭಾನುವಾರ ಬೆಳಿಗ್ಗೆ 6:20

ನಾನು ಪೊಲೀಸ್ ಬ್ಯಾಂಡಿನಲ್ಲಿ ಕಾರ್ನೆಟ್, ಅಂದ್ರೆ ಟ್ರಂಪೆಟ್ಟಿನದೇ ಜಾತಿಯ ವಾದ್ಯ, ನುಡಿಸಿ ನಿವೃತ್ತನಾದವನು. ಜಾಝ್ ನನಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ವಾದ್ಯ ಗೊತ್ತು. ಮಂದ್ರ ಅವರೇ, ನಿನ್ನೆ ರಾತ್ರಿ ಹೊಸಕಿವಿಯವರು ಹೇಳಿದ ಆಲ್ಬಂ ಕೇಳಿದೆ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ, ಸ್ವರ ಒಡೆಯುತ್ತೆ. ಅದು ಸುಳ್ಳಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಟ್ರಂಪೆಟ್ಟಿಗೆ ಇರೋದು ಮೂರೇ ಗುಂಡಿ. ನಡುವಿನದು ಒತ್ತಿದರೆ ಅರ್ಧ ಸ್ವರ ಇಳಿಯುತ್ತೆ, ಮೊದಲನೆಯದು ಒತ್ತಿದರೆ ಒಂದು, ಮೂರನೆಯದಕ್ಕೆ ಒಂದೂವರೆ. ಉಳಿದದ್ದೆಲ್ಲ ತುಟಿ ಮತ್ತು ಉಸಿರು. ಯಾವ ಗುಂಡಿಯನ್ನೂ ಒತ್ತದೆ ಊದಿದರೂ ತುಟಿ ಬಿಗಿ ಮಾಡುತ್ತಾ ಹೋದ ಹಾಗೆ ಸ, ಪ, ಮೇಲಿನ ಸ, ಗ, ಪ ಅಂತ ಏಣಿ ಮೆಟ್ಟಿಲಿನ ಹಾಗೆ ಸ್ವರ ಬರುತ್ತೆ. ಮೇಲೆ ಹೋದಷ್ಟೂ ಮೆಟ್ಟಿಲು ಹತ್ತಿರ ಹತ್ತಿರ. ತುಟಿ ಕೂದಲೆಳೆಯಷ್ಟು ತಪ್ಪಿದರೆ ಪಕ್ಕದ ಮೆಟ್ಟಿಲಿಗೆ ಕಾಲು. ಒಡೆಯೋದು ಅಂದ್ರೆ ಅದು. ಬ್ಯಾಂಡಿನಲ್ಲಿ ಅದಾದರೆ ಪೆರೇಡ್ ಮೈದಾನಕ್ಕೆಲ್ಲ ಕೇಳುತ್ತೆ, ಯಾರದ್ದು ಅಂತಲೂ ಗೊತ್ತಾಗುತ್ತೆ.

ಇನ್ನೊಂದು ಮಾತು. ಫೋಟೋದಲ್ಲಿ ಇವರ ಕೈಯಲ್ಲಿರೋದು ಅಂಗೈಯಗಲದ ವಾದ್ಯ. ಪಾಕೆಟ್ ಟ್ರಂಪೆಟ್ ಅಂತಾರೆ. ಆಟಿಕೆ ಅಲ್ಲ ಅದು. ಕೊಳವೆಯ ಉದ್ದ ಮಾಮೂಲಿ ಟ್ರಂಪೆಟ್ಟಿನಷ್ಟೇ, ಸುಮಾರು ನಾಲ್ಕೂವರೆ ಅಡಿ. ಅದನ್ನೇ ಬಿಗಿಯಾಗಿ ಸುತ್ತಿರುತ್ತಾರೆ, ಬೆಲ್, ಅಂದ್ರೆ ಮುಂದಿನ ಅಗಲವಾದ ಬಾಯಿ, ಚಿಕ್ಕದು. ನಾನು ಒಮ್ಮೆ ಊದಿ ನೋಡಿದ್ದೇನೆ. ಉಸಿರು ತಡೆಯುತ್ತೆ, ಶ್ರುತಿ ಎಲ್ಲ ಕಡೆ ಒಂದೇ ಸಮ ನಿಲ್ಲೋದಿಲ್ಲ. ಅಂಥದ್ದನ್ನು ಇಟ್ಟುಕೊಂಡು ಕಛೇರಿ ಮಾಡಿದ್ದಾರೆ ಅಂದ್ರೆ ಧೈರ್ಯ ಇರಬೇಕು, ಇಲ್ಲಾ ಬೇರೆ ಏನೋ ಬೇಕಾಗಿರಬೇಕು. ಏನು ಬೇಕಾಗಿತ್ತು ಅಂತ ನನಗೆ ತಿಳೀಲಿಲ್ಲ.

ಮಂದ್ರ · ಭಾನುವಾರ ಬೆಳಿಗ್ಗೆ 10:05

ಸರ್, ವಾದ್ಯದ ವಿಷಯ ಇಷ್ಟು ಚೆನ್ನಾಗಿ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಪುಟ್ಟ ಟ್ರಂಪೆಟ್ಟು ಪಾಕಿಸ್ತಾನದಲ್ಲಿ ತಯಾರಾದದ್ದು. ಆಗ ಅಮೆರಿಕದಲ್ಲಿ ಅದನ್ನು ದೊಡ್ಡ ವಾದ್ಯ ಅಂತ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಇವರು ಕಾರ್ನೆಟ್ಟನ್ನೂ ನುಡಿಸುತ್ತಿದ್ದರು.

ಏನು ಬೇಕಾಗಿತ್ತು ಅಂತ ಕೇಳಿದಿರಿ. ನನ್ನ ಉತ್ತರಕ್ಕೆ ಒಂದು ರೆಕಾರ್ಡು ಕೇಳಬೇಕು, ಅದೂ ಹೆಡ್‌ಫೋನಿನಲ್ಲಿ. 1960ರ ಡಿಸೆಂಬರ್ 21ರಂದು ಮಾಡಿದ ‘ಫ್ರೀ ಜಾಝ್’. ಎರಡು ನಾಲ್ವರ ಗುಂಪು ಒಟ್ಟಿಗೆ, ಸುಮಾರು 37 ನಿಮಿಷ. ಎಡಕಿವಿಗೆ ಆರ್ನೆಟ್, ಚೆರ್ರಿ, ಬೇಸಿನ ಸ್ಕಾಟ್ ಲಫಾರೊ, ಡ್ರಮ್ಸಿನ ಹಿಗಿನ್ಸ್. ಬಲಕಿವಿಗೆ ಬೇಸ್ ಕ್ಲಾರಿನೆಟ್ಟಿನ ಎರಿಕ್ ಡಾಲ್ಫಿ, ಫ್ರೆಡ್ಡಿ ಹಬ್ಬರ್ಡ್, ಬೇಸಿನ ಚಾರ್ಲಿ ಹೇಡನ್, ಡ್ರಮ್ಸಿನ ಎಡ್ ಬ್ಲ್ಯಾಕ್‌ವೆಲ್. ಅಂದರೆ ಇಬ್ಬರು ಟ್ರಂಪೆಟ್ ವಾದಕರು, ಒಂದೊಂದು ಕಿವಿಗೆ ಒಬ್ಬೊಬ್ಬರು. ಚೆರ್ರಿಗೆ 24, ಹಬ್ಬರ್ಡ್‌ಗೆ 22.

ಹಬ್ಬರ್ಡ್ ಬಂದಾಗ ನಿಮಗೆ ಖುಷಿಯಾಗುತ್ತೆ ಸರ್. ದುಂಡಗಿನ ನಾದ, ಉದ್ದುದ್ದ ಸಾಲು, ಎಲ್ಲೂ ತೊಡಕಿಲ್ಲ. ಅವರು ನುಡಿಸುವಾಗ ಉಳಿದವರು ಹಿಂದೆ ಸರಿದು ದಾರಿ ಬಿಡುತ್ತಾರೆ. ಚೆರ್ರಿ ಬಂದಾಗ ಏನಾಗುತ್ತೆ ನೋಡಿ. ಮೂರೋ ನಾಲ್ಕೋ ಸ್ವರ ಆಡಿ ನಿಲ್ಲಿಸುತ್ತಾರೆ. ಆ ಖಾಲಿ ಜಾಗಕ್ಕೆ ಯಾರೋ ಒಬ್ಬರು ಬರುತ್ತಾರೆ. ಅವರು ಆಡಿದ್ದನ್ನು ಚೆರ್ರಿ ಎತ್ತಿಕೊಂಡು ಸ್ವಲ್ಪ ತಿರುಗಿಸಿ ವಾಪಸ್ ಕೊಡುತ್ತಾರೆ. ಮತ್ತೆ ನಿಲ್ಲಿಸುತ್ತಾರೆ. ಜಗಲಿ ಮೇಲೆ ಕೂತವರು ಒಬ್ಬರ ಮಾತಿಗೆ ಒಬ್ಬರು ಮಾತು ಸೇರಿಸುವ ಹಾಗೆ. ನನಗೆ ಇವರು ನುಡಿಸುವವರು ಅನ್ನೋದಕ್ಕಿಂತ ಮೊದಲು ಕೇಳಿಸಿಕೊಳ್ಳುವವರು. ಆ ತುಂಡು ತುಂಡು ಸಾಲು, ಆ ಒಡೆಯುವ ಸ್ವರ, ಎಲ್ಲ ಅಲ್ಲಿಂದಲೇ ಬಂದದ್ದು. ಮಾತಾಡುವಾಗ ಯಾರ ದನಿಯೂ ಪೂರ್ತಿ ಸಾಫಾಗಿ ಇರೋದಿಲ್ಲ, ಅಲ್ವಾ?

ಬ್ಯಾಂಡ್‌ಮೇಷ್ಟ್ರು · ಭಾನುವಾರ ಮಧ್ಯಾಹ್ನ 1:30

ಮಾತು ಚೆನ್ನಾಗಿದೆ ತಮ್ಮ. ಆದರೆ ಕೇಳಿಸಿಕೊಳ್ಳೋದೂ ಶುದ್ಧವಾಗಿ ನುಡಿಸೋದೂ ಒಟ್ಟಿಗೆ ಆಗಬಾರದು ಅಂತೇನಿಲ್ಲವಲ್ಲ. ಹೆಡ್‌ಫೋನು ಮಗಳ ಹತ್ತಿರ ಇದೆ. ಇಸಿದುಕೊಂಡು ಕೇಳಿ ಬರೀತೀನಿ.

ಶ್ರುತಿಪೆಟ್ಟಿಗೆ · ಭಾನುವಾರ ಸಂಜೆ 4:50

ನಾನು ಕರ್ನಾಟಕ ಸಂಗೀತ ಹಾಡುವವಳು, ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳ್ತೀನಿ. ಜಾಝ್ ನನ್ನ ಕ್ಷೇತ್ರ ಅಲ್ಲ. ಆದರೆ ಡಾನ್ ಚೆರ್ರಿ ನನಗೆ ಗೊತ್ತು, ಒಂದೇ ಒಂದು ಹಾಡಿನಿಂದ. ಅದರ ಹೆಸರೇ ‘ಮಾಲ್ಕೌಂಸ್’. 1975ರಲ್ಲಿ ಮಾಡಿದ ‘ಬ್ರೌನ್ ರೈಸ್’ ಅನ್ನೋ ಆಲ್ಬಮ್ಮಿನಲ್ಲಿದೆ, ಸುಮಾರು 14 ನಿಮಿಷ.

ಮಾಲ್ಕೌಂಸ್ ಅಂದ್ರೆ ನಮ್ಮ ಹಿಂದೋಳ. ಸ ಗ ಮ ದ ನಿ. ರಿ ಇಲ್ಲ, ಪ ಇಲ್ಲ. ಹಿಂದೂಸ್ತಾನಿಯವರು ಇದಕ್ಕೆ ತಂಬೂರಿಯಲ್ಲಿ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುತ್ತಾರೆ. ಹಾಡು ಶುರುವಾಗೋದೇ ತಂಬೂರಿಯಿಂದ. ನುಡಿಸಿದ್ದು ಅವರ ಹೆಂಡತಿ ಮೋಕಿ. ಅದರ ಮೇಲೆ ಚಾರ್ಲಿ ಹೇಡನ್ ಬೇಸಿನಲ್ಲಿ ಎಷ್ಟೋ ಹೊತ್ತು ಒಬ್ಬರೇ ನಡೆಯುತ್ತಾರೆ. ಅವಸರ ಇಲ್ಲ. ಆಲಾಪನೆ ಮಾಡುವವರಿಗೆ ಗೊತ್ತು, ರಾಗದ ಬಾಗಿಲು ತೆಗೆಯೋಕೆ ಎಷ್ಟು ಹೊತ್ತು ಬೇಕು ಅಂತ. ಆಮೇಲೆ ಟ್ರಂಪೆಟ್ಟು ಬರುತ್ತೆ, ಹಿಗಿನ್ಸ್ ಡ್ರಮ್ಸ್ ಬರುತ್ತೆ.

ಇದು ಶುದ್ಧ ಹಿಂದೋಳವಾ? ಅಲ್ಲ. ಗಮಕ ನಮ್ಮ ಹಾಗಿಲ್ಲ, ಗಾಂಧಾರ ಎಷ್ಟೋ ಕಡೆ ಬ್ಲೂಸ್ ಕಡೆಗೆ ವಾಲುತ್ತೆ. ಆದರೆ ರಾಗದ ಭಾವ ಇದೆ. ಎಂಟನೇ ಕ್ಲಾಸಿನ ಒಬ್ಬ ಶಿಷ್ಯೆಗೆ ಏನೂ ಹೇಳದೆ ಕೇಳಿಸಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ಕೂತು, “ಮಿಸ್, ಹಿಂದೋಳ?” ಅಂದಳು. ನನಗೆ ಅಷ್ಟು ಸಾಕು.

ಲಯದಾರಿ · ಭಾನುವಾರ ರಾತ್ರಿ 8:10

ಬೆಂಗಳೂರಿನಿಂದ, ಮೃದಂಗ ನುಡಿಸುತ್ತೇನೆ. ಶ್ರುತಿಪೆಟ್ಟಿಗೆ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ನನಗೆ ಇಲ್ಲೊಂದು ತಕರಾರಿದೆ. ಇವರು ಸ್ವಲ್ಪ ಭಾರತ, ಸ್ವಲ್ಪ ಆಫ್ರಿಕಾ, ಸ್ವಲ್ಪ ಬಾಲಿ, ಸ್ವಲ್ಪ ಟರ್ಕಿ ಅಂತ ಎಲ್ಲವನ್ನೂ ಮುಟ್ಟಿದ್ದಾರೆ. ನಾವು ಒಂದು ತಾಳದಲ್ಲಿ ನೆಟ್ಟಗೆ ನಿಲ್ಲೋಕೆ ಹತ್ತು ವರ್ಷ ಸವೆಸುತ್ತೇವೆ. ಎಲ್ಲ ಅಂಗಳದಿಂದ ಒಂದೊಂದು ಹೂ ಕಿತ್ತು ಮಾಲೆ ಕಟ್ಟಿದರೆ ಗಿಡ ಬೆಳೆಸಿದವರಿಗೆ ಹೇಗಾಗಬೇಡ? ಕೋಪದಿಂದ ಕೇಳ್ತಿಲ್ಲ, ನಿಜವಾಗಲೂ ಕೇಳ್ತಿದ್ದೀನಿ.

ಮಂದ್ರ · ಭಾನುವಾರ ರಾತ್ರಿ 9:30

ಇದು ಸರಿಯಾದ ಪ್ರಶ್ನೆ. ಮೊದಲು ಸಂಗತಿ ಹೇಳ್ತೀನಿ.

ಆರ್ನೆಟ್ ಗುಂಪು ಬಿಟ್ಟ ಮೇಲೆ ಚೆರ್ರಿ ಸ್ಯಾಕ್ಸೊಫೋನಿನ ಸಾನಿ ರಾಲಿನ್ಸ್ ಜೊತೆ ನುಡಿಸಿದರು, 1964ರಲ್ಲಿ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಆಲ್ಬರ್ಟ್ ಐಲರ್ ಜೊತೆ. ಆಮೇಲೆ ಪ್ಯಾರಿಸ್. 1965ರಲ್ಲಿ ಅಲ್ಲಿ ಒಂದು ಗುಂಪು ಕಟ್ಟಿದರು, ಒಬ್ಬೊಬ್ಬರು ಒಂದೊಂದು ದೇಶದವರು. ಅರ್ಜೆಂಟೀನಾದ ಗಾಟೊ ಬಾರ್ಬಿಯೇರಿ, ಜರ್ಮನಿಯ ಕಾರ್ಲ್ ಬರ್ಗರ್, ಇಟಲಿಯ ಆಲ್ಡೊ ರೊಮಾನೊ. ಬರ್ಗರ್ ನೆನಪು ಮಾಡಿಕೊಳ್ಳುತ್ತಿದ್ದ ಹಾಗೆ, ಚೆರ್ರಿ ಸದಾ ಒಂದು ಶಾರ್ಟ್‌ವೇವ್ ರೇಡಿಯೋ ಇಟ್ಟುಕೊಂಡಿರುತ್ತಿದ್ದರು. ಯಾವ್ಯಾವುದೋ ದೇಶದ ಹಾಡು ಅದರಲ್ಲಿ ಹಿಡಿದು, ಸಂಜೆ ಕಛೇರಿಯಲ್ಲಿ ಅದನ್ನೇ ಎತ್ತಿಕೊಳ್ಳುತ್ತಿದ್ದರು. ಗುಂಪಿನವರು ಅಲ್ಲೇ ಕೇಳಿ ಅಲ್ಲೇ ಸೇರಿಕೊಳ್ಳಬೇಕು. ನಮ್ಮ ಮನೆಗಳಲ್ಲೂ ರಾತ್ರಿ ರೇಡಿಯೋದ ಮುಳ್ಳು ತಿರುಗಿಸುತ್ತಾ ಗೊರಗೊರ ಸದ್ದಿನ ನಡುವೆ ಯಾವುದೋ ಸಿಲೋನು, ಯಾವುದೋ ಅರಬ್ಬಿ ಹಾಡು ಸಿಕ್ಕಿದರೆ ಕೈ ನಿಲ್ಲಿಸುತ್ತಿದ್ದೆವಲ್ಲ, ಹಾಗೆ.

ಅದೇ ವರ್ಷ ಡಿಸೆಂಬರ್ 24ರಂದು ಅಮೆರಿಕದಲ್ಲಿ ಬ್ಲೂ ನೋಟ್ ಕಂಪನಿಗೆ ‘ಕಂಪ್ಲೀಟ್ ಕಮ್ಯುನಿಯನ್’ ಮಾಡಿದರು. ಬಾರ್ಬಿಯೇರಿ, ಹೆನ್ರಿ ಗ್ರೈಮ್ಸ್, ಬ್ಲ್ಯಾಕ್‌ವೆಲ್ ಜೊತೆಗೆ. ಎಲ್‌ಪಿಯ ಒಂದೊಂದು ಮುಖಕ್ಕೂ ಒಂದೇ ಉದ್ದ ರಚನೆ. ಹಾಡು ಮುಗಿಯಿತು, ಈಗ ಸೋಲೋ, ಮತ್ತೆ ಹಾಡು ಅನ್ನೋ ಪದ್ಧತಿ ಇಲ್ಲ. ನುಡಿಸುತ್ತಾ ನುಡಿಸುತ್ತಾ ಚೆರ್ರಿ ಹೊಸ ಎತ್ತುಗಡೆ ಎಸೆಯುತ್ತಾರೆ, ಉಳಿದ ಮೂವರೂ ಆ ಕ್ಷಣಕ್ಕೆ ತಿರುಗುತ್ತಾರೆ. ಲಯದಾರಿ ಅವರೇ, ಬ್ಲ್ಯಾಕ್‌ವೆಲ್ ಅವರನ್ನು ನೀವು ಕೇಳಲೇಬೇಕು. ನ್ಯೂ ಆರ್ಲಿಯನ್ಸ್‌ನವರು. ಅವರ ಡ್ರಮ್ಸ್ ಹಾಡುತ್ತೆ. 1969ರಲ್ಲಿ ಇಬ್ಬರೇ ಪ್ಯಾರಿಸ್ಸಿನಲ್ಲಿ ‘ಮೂ’ ಅಂತ ಎರಡು ಭಾಗ ಮಾಡಿದರು. ಟ್ರಂಪೆಟ್ಟು, ಕೊಳಲು, ಪಿಯಾನೋ, ಗೆಜ್ಜೆ, ಬಾಯಿಹಾಡು, ಪಕ್ಕದಲ್ಲಿ ಡ್ರಮ್ಸ್. ಇವರ ಒಂದೇ ರೆಕಾರ್ಡು ಇಟ್ಟುಕೊಳ್ಳಬೇಕು ಅಂದ್ರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಈಗ ನಿಮ್ಮ ತಕರಾರು. ಸುಮ್ನೆ ಮುಟ್ಟಿ ಬಿಟ್ಟಿದ್ದು ಅಂತ ನನಗೆ ಅನ್ನಿಸೋದಿಲ್ಲ. ಎಪ್ಪತ್ತರ ದಶಕದ ಶುರುವಿನಲ್ಲಿ ಸರೋದ್ ವಾದಕ ವಸಂತ್ ರಾಯ್ ಹತ್ತಿರ ಶಿಷ್ಯನಾಗಿ ಕೂತು ಕಲಿತರು. ವಸಂತ್ ರಾಯ್ ಅಂದ್ರೆ ಬಾಬಾ ಅಲ್ಲಾವುದ್ದೀನ್ ಖಾನ್ ಅವರ ಶಿಷ್ಯರು. ಮಾಲಿ ದೇಶದ ಬೇಟೆಗಾರರ ತಂತಿವಾದ್ಯ ದೊಂಸೊಂಗೋನಿಯನ್ನು ಕಲಿತ ಮೇಲೆ ಕೊನೆವರೆಗೂ ಬಿಡಲಿಲ್ಲ. 1978ರಲ್ಲಿ ಪ್ಯಾರಿಸ್ಸಿನಲ್ಲಿ ದೆಹಲಿ ಘರಾಣೆಯ ತಬಲಾ ವಾದಕ ಲತೀಫ್ ಅಹ್ಮದ್ ಖಾನ್ ಜೊತೆ ಇಬ್ಬರೇ ಒಂದು ರೆಕಾರ್ಡು ಮಾಡಿದರು. ಎಲ್ಲವೂ ಗೆದ್ದಿದೆ ಅಂತ ಹೇಳೋದಿಲ್ಲ. ಆ ದಶಕದ ಕೆಲವು ರೆಕಾರ್ಡುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ಹಾರುತ್ತಾರೆ, ಇನ್ನೂ ಸ್ವಲ್ಪ ಅಲ್ಲೇ ನಿಲ್ಲಬಾರದಾ ಅನ್ನಿಸುತ್ತೆ.

ಲಯದಾರಿ · ಭಾನುವಾರ ರಾತ್ರಿ 11:20

ಲತೀಫ್ ಖಾನ್ ಜೊತೆಗಿನದ್ದು ಈಗಷ್ಟೇ ಕೇಳಿದೆ. ತಬಲಾ ತೂಕವೇ ಬೇರೆ! ಚೆರ್ರಿ ಅಲ್ಲಿ ತಬಲಾ ಜೊತೆ ಪೈಪೋಟಿಗೆ ಇಳಿಯೋದಿಲ್ಲ, ತಬಲಾ ಸೋಲೋಗೆ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸಿ ಲೆಹರಾ ಹಿಡಿದವರ ಹಾಗೆ ಜಾಗ ಕೊಡುತ್ತಾರೆ. ಅದು ಹಿಡಿಸಿತು. ನಮ್ಮೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಸರ್ ಮತ್ತು ರಾಮಮಣಿ ಮೇಡಂ ಅವರು ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೊ ಜೊತೆ ‘ಜ್ಯೋತಿ’ ಮಾಡಿದ್ದು ನೆನಪಾಯ್ತು, 1983ರದ್ದು. ಅಲ್ಲಿ ನಮ್ಮವರು ಯಜಮಾನರು, ಬಂದವರು ಸೇರಿಕೊಂಡರು. ನನಗೆ ಆ ದಾರಿಯೇ ಹತ್ತಿರ. ಚೆರ್ರಿಯವರದ್ದು ತಪ್ಪು ಅಂತ ಈಗ ಹೇಳಲಾರೆ.

ಸ್ಕೋನೆಯಿಂದ · ಸೋಮವಾರ ರಾತ್ರಿ 1:10

ನಾನು ಸ್ವೀಡನ್ನಿನ ದಕ್ಷಿಣದಲ್ಲಿ, ಸ್ಕೋನೆ ಪ್ರಾಂತ್ಯದಲ್ಲಿ ಇದ್ದೇನೆ, ಊರು ಹಾಸನದ ಕಡೆ. ಈ ಚರ್ಚೆಯಲ್ಲಿ ಮೋಕಿ ಹೆಸರು ‘ಹೆಂಡತಿ’ ಅಂತ ಒಮ್ಮೆ ಬಂದು ಹೋಯ್ತು, ಅದಕ್ಕೇ ಬರೆಯಲು ಕೂತೆ.

ಮೋಕಿ ಕಾರ್ಲ್ಸನ್ ಕಲಾವಿದೆ. ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿದು ದೊಡ್ಡ ದೊಡ್ಡ ಚಿತ್ರ ಮಾಡುತ್ತಿದ್ದರು. ನಮ್ಮಜ್ಜಿಯರು ಕೌದಿ ಹೊಲಿಯುತ್ತಿದ್ದರಲ್ಲ, ಅದನ್ನು ಗೋಡೆಯಷ್ಟು ದೊಡ್ಡದು ಮಾಡಿ ಅದರಲ್ಲಿ ಸೂರ್ಯ, ಹಕ್ಕಿ, ಸ್ವರಗಳ ಹೆಸರು ಎಲ್ಲ ಕಟ್ಟಿದ ಹಾಗೆ. ಚೆರ್ರಿ ಎಲ್ಲಿ ಕಛೇರಿ ಮಾಡಿದರೂ ಹಿಂದೆ ಆ ಬಟ್ಟೆ ತೂಗುತ್ತಿತ್ತು. ಎಷ್ಟೋ ಆಲ್ಬಂ ಮುಖಪುಟಗಳೂ ಅವರವೇ. 1970ರಲ್ಲಿ ಇಬ್ಬರೂ ಸೇರಿ ಇಲ್ಲಿನ ಟೋಗಾರ್ಪ್ ಅನ್ನೋ ಹಳ್ಳಿಯಲ್ಲಿ ಒಂದು ಹಳೆ ಶಾಲೆ ಕಟ್ಟಡ ಕೊಂಡರು. ಮನೆಯೂ ಅದೇ, ತಾಲೀಮೂ ಅಲ್ಲೇ, ಮಕ್ಕಳ ಪಾಠವೂ ಅಲ್ಲೇ. ಯಾರು ಬಂದರೂ ಊಟ ಹಾಕಿ ಕೈಗೊಂದು ವಾದ್ಯ ಕೊಡುವ ಮನೆ. 1971ರಲ್ಲಿ ಸ್ಟಾಕ್‌ಹೋಮಿನ ಮಾಡರ್ನಾ ಮ್ಯೂಸಿಯಂ ಅಂಗಳದಲ್ಲಿ ಗುಮ್ಮಟದಂಥ ಒಂದು ಡೇರೆಯಲ್ಲಿ ಇಡೀ ಬೇಸಿಗೆ ಸಂಸಾರ ಸಮೇತ ಇದ್ದುಕೊಂಡು, ಬಂದ ಜನರ ಜೊತೆ ದಿನಾ ನುಡಿಸಿದರು. ಮಕ್ಕಳಿಗಾಗಿ ಸ್ವೀಡನ್ನಿನ ಟಿವಿಯಲ್ಲೂ ಕಾರ್ಯಕ್ರಮ ಮಾಡಿದರು.

ಮೋಕಿಯ ಮಗಳು ನೆನೆ ಚೆರ್ರಿ, ಡಾನ್ ಸಾಕಿದ ಮಗಳು. ಮಗ ಈಗಲ್ ಐ ಚೆರ್ರಿ. ಇಬ್ಬರೂ ಮುಂದೆ ಪಾಪ್ ಸಂಗೀತದಲ್ಲಿ ದೊಡ್ಡ ಹೆಸರಾದರು. 2012ರಲ್ಲಿ ನೆನೆ ಸ್ವೀಡನ್ ಮತ್ತು ನಾರ್ವೆಯವರ ಒಂದು ಜಾಝ್ ಗುಂಪಿನ ಜೊತೆ ಮಾಡಿದ ಆಲ್ಬಮ್ಮಿನಲ್ಲಿ ಅಪ್ಪನ ‘ಗೋಲ್ಡನ್ ಹಾರ್ಟ್’ ಹಾಡಿದ್ದಾರೆ. ಅದು ‘ಕಂಪ್ಲೀಟ್ ಕಮ್ಯುನಿಯನ್’ನಲ್ಲಿ ಬರುವ ಎತ್ತುಗಡೆ. ಮಗಳ ಬಾಯಲ್ಲಿ ಅದನ್ನು ಕೇಳಿದಾಗ ನನಗೆ ಕಣ್ಣು ತುಂಬಿತು.

ಡಾನ್ ಊರೂರು ತಿರುಗುತ್ತಿದ್ದಾಗ ಆ ಮನೆಯ ಒಲೆ ಉರಿಯುವಂತೆ ನೋಡಿಕೊಂಡು, ಮಕ್ಕಳನ್ನೂ ನೋಡಿಕೊಂಡು, ಆ ಬಟ್ಟೆಗಳನ್ನೂ ಹೊಲಿದವರು ಮೋಕಿ. ಮಾಲ್ಕೌಂಸಿನ ಆ ತಂಬೂರಿ ಬಗ್ಗೆ ನಾನು ಹೇಳೋದೂ ಅದೇ. ಅದು ನಿಂತರೆ ಮೇಲಿನ ಯಾವುದೂ ನಿಲ್ಲೋದಿಲ್ಲ.

ಶ್ರುತಿಪೆಟ್ಟಿಗೆ · ಸೋಮವಾರ ಬೆಳಿಗ್ಗೆ 7:45

ಸ್ಕೋನೆಯವರೇ, ತಪ್ಪು ನನ್ನದೇ. ತಿದ್ದಿದ್ದಕ್ಕೆ ವಂದನೆ. ತಂಬೂರಿ ಹಿಡಿದು ಹಿಂದೆ ಕೂತು ಎಷ್ಟೋ ವರ್ಷ ಕಳೆದವಳು ನಾನು, ನಾನೇ ಹಾಗೆ ಬರೆಯಬಾರದಿತ್ತು.

ಹೊಸಕಿವಿ · ಸೋಮವಾರ ಸಂಜೆ 6:30

ಇಷ್ಟೆಲ್ಲ ಬರೆದಿದ್ದೀರಿ, ಎಲ್ಲ ಎರಡೆರಡು ಸಲ ಓದಿದೆ. ‘ಮೂ’ ಕೇಳುತ್ತಿದ್ದೇನೆ. ಒಂದು ಪ್ರಶ್ನೆ. ಇವರಿಗೆ ಹೆರಾಯಿನ್ ಚಟ ಇತ್ತು ಅಂತ ಓದಿದೆ. ನಿಜವಾ? ಇಷ್ಟು ಬೆಳಕಿನ ಮನುಷ್ಯನಿಗೆ ಅದು ಹೇಗೆ ಅಂತ ತಿಳಿಯುತ್ತಿಲ್ಲ.

ಮಂದ್ರ · ಸೋಮವಾರ ರಾತ್ರಿ 10:00

ನಿಜ. ಹರೆಯದಲ್ಲೇ ಹತ್ತಿಕೊಂಡದ್ದು. ಬಿಟ್ಟರು, ಮತ್ತೆ ಹಿಡಿಯಿತು, ಮತ್ತೆ ಬಿಟ್ಟರು. ಆ ಪೀಳಿಗೆಯ ಎಷ್ಟೋ ಜನರನ್ನು ಅದು ತಿಂದುಹಾಕಿದೆ. ಹೇಡನ್ ಅವರೂ ಅದರಲ್ಲಿ ಬಿದ್ದು ಎದ್ದವರೇ. ಸಂಗೀತಕ್ಕೆ ಅದು ಏನನ್ನೋ ಕೊಟ್ಟಿತು ಅಂತ ಕೆಲವರು ಬರೆಯುತ್ತಾರೆ. ನಾನು ಒಪ್ಪೋದಿಲ್ಲ. ಮನೆಯವರ ನೆಮ್ಮದಿಯನ್ನು ಕಿತ್ತುಕೊಂಡಿತು, ಹಲ್ಲು ತುಟಿ ಉಸಿರನ್ನು ನಂಬಿ ಬದುಕುವ ವಾದಕನ ಮೈಯನ್ನು ಸವೆಸಿತು. ಕೊಟ್ಟಿದ್ದು ಏನೂ ಇಲ್ಲ.

ಆದರೂ 1978ರಲ್ಲಿ ಕೊಡೋನ ಅನ್ನೋ ಮೂವರ ಗುಂಪು ಕಟ್ಟಿದರು. ಕಾಲಿನ್, ಡಾನ್, ನಾನಾ, ಈ ಮೂರು ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಮೊದಲ ಎರಡೆರಡು ಅಕ್ಷರಗಳನ್ನು ಸೇರಿಸಿದರೆ ಕೊಡೋನ. ಕಾಲಿನ್ ವಾಲ್ಕಾಟ್ ಅಮೆರಿಕದವರು. ರವಿಶಂಕರ್ ಹತ್ತಿರ ಸಿತಾರ್, ಅಲ್ಲಾ ರಖಾ ಹತ್ತಿರ ತಬಲಾ ಕಲಿತವರು. ನಾನಾ ವಾಸ್ಕೊನ್ಸೆಲೋಸ್ ಬ್ರೆಜಿಲ್‌ನವರು, ಒಂದೇ ತಂತಿಯ ಬಿಲ್ಲಿನಂಥ ಬೆರಿಂಬೌ ನುಡಿಸುತ್ತಿದ್ದರು. ಮೂರು ಆಲ್ಬಂ ಮಾಡಿದರು. ಲಯದಾರಿ ಅವರೇ, ನಿಮ್ಮ ತಕರಾರಿಗೆ ನನ್ನ ನಿಜವಾದ ಉತ್ತರ ಇದೇ. ಇಲ್ಲಿ ಯಾರೂ ಹಾರೋದಿಲ್ಲ. ಸಿತಾರಿನ ಒಂದು ಮೀಂಡ್, ಅಂದ್ರೆ ಸ್ವರದಿಂದ ಸ್ವರಕ್ಕೆ ಜಾರುವ ಎಳೆತ, ಪೂರ್ತಿ ಆರುವವರೆಗೆ ಟ್ರಂಪೆಟ್ಟು ಕಾಯುತ್ತೆ. 1984ರ ನವೆಂಬರಿನಲ್ಲಿ ಪೂರ್ವ ಜರ್ಮನಿಯಲ್ಲಿ ಕಛೇರಿಗೆ ಹೋಗುವಾಗ ರಸ್ತೆ ಅಪಘಾತದಲ್ಲಿ ಕಾಲಿನ್ ತೀರಿಕೊಂಡರು. ಗುಂಪು ಅಲ್ಲಿಗೆ ಮುಗಿಯಿತು.

1988ರಲ್ಲಿ ‘ಆರ್ಟ್ ಡೆಕೊ’ ರೆಕಾರ್ಡು ಮಾಡಿದರು. ಹೇಡನ್, ಹಿಗಿನ್ಸ್, ಲಾಸ್ ಏಂಜಲಿಸ್ ದಿನಗಳ ಗೆಳೆಯ ಜೇಮ್ಸ್ ಕ್ಲೇ. ಹಳೆ ಹುಡುಗರು ಹಳೆ ಹಾಡುಗಳನ್ನು ನುಡಿಸಿದ್ದಾರೆ. ಬ್ಯಾಂಡ್‌ಮೇಷ್ಟ್ರು ಸರ್, ನೀವು ಇದನ್ನು ಕೇಳಿ. 1995ರ ಅಕ್ಟೋಬರ್ 19ರಂದು ಸ್ಪೇನಿನ ಮಾಲಗಾದಲ್ಲಿ ಚೆರ್ರಿ ತೀರಿಕೊಂಡರು, ಯಕೃತ್ತಿನ ಕ್ಯಾನ್ಸರ್. 58 ವರ್ಷ.

ಬ್ಯಾಂಡ್‌ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 6:40

ಕೇಳಿದೆ ತಮ್ಮ. ಹೆಡ್‌ಫೋನಿನಲ್ಲಿ ಆ 37 ನಿಮಿಷವನ್ನೂ ಕೇಳಿದೆ, ‘ಆರ್ಟ್ ಡೆಕೊ’ನೂ ಕೇಳಿದೆ. ಹಬ್ಬರ್ಡ್ ಅವರಿಗೆ ಕೈಮುಗಿದೆ. ಎಡಕಿವಿಯಲ್ಲಿ ನಡೆಯುತ್ತಿದ್ದದ್ದು ನೀವು ಹೇಳಿದ ಮೇಲೆ ಕೇಳಿಸಿತು. ಮೊದಲು ಅದು ಅರ್ಧಕ್ಕೆ ಬಿಟ್ಟ ಹಾಗೆ ಕೇಳುತ್ತಿತ್ತು, ಈಗ ಬೇರೆಯವರಿಗೆ ಬಿಟ್ಟುಕೊಟ್ಟ ಹಾಗೆ ಕೇಳುತ್ತೆ. ತುಟಿ ಗಟ್ಟಿ ಇರಲಿಲ್ಲ ಅಂತ ಈಗಲೂ ಹೇಳ್ತೀನಿ. ಕಿವಿ ಗಟ್ಟಿ ಇತ್ತು.

ಆದರೆ ಬರೆಯಲು ಕೂತದ್ದು ಅದಕ್ಕಲ್ಲ. ಮಾಲ್ಕೌಂಸ್ ಕೇಳಿದ ಮೇಲೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಕಾರ್ನೆಟ್ ತೆಗೆದೆ. ನಾಲ್ಕು ವರ್ಷ ಆಗಿತ್ತು ಪೆಟ್ಟಿಗೆ ತೆಗೆದು. ಗುಂಡಿಗಳು ಅಂಟಿಕೊಂಡಿದ್ದವು, ಎಣ್ಣೆ ಬಿಟ್ಟೆ. ಮೊಬೈಲಿನಲ್ಲಿ ತಂಬೂರಿಯನ್ನು ಆರೂವರೆ ಮನೆ ಶ್ರುತಿಗೆ ಇಟ್ಟೆ, ಗುಂಡಿ ಒತ್ತದೆ ಬರುವ ಸ್ವರವನ್ನೇ ಸ ಅಂತ ಹಿಡಿದೆ. ಗ ಅಂದ್ರೆ ಎರಡು ಮತ್ತು ಮೂರನೇ ಗುಂಡಿ. ಮ ಅಂದ್ರೆ ಒಂದು. ದ ಮತ್ತೆ ಎರಡು ಮತ್ತು ಮೂರು. ನಿ ಮತ್ತೆ ಒಂದು. ಮೇಲಿನ ಸ ಖಾಲಿ. ಇಡೀ ಹಿಂದೋಳಕ್ಕೆ ಬೆರಳಿನ ಕೆಲಸ ಇಷ್ಟೇ! 35 ವರ್ಷ ಈ ವಾದ್ಯ ಹಿಡಿದಿದ್ದೇನೆ, ಇದು ಗೊತ್ತಿರಲಿಲ್ಲ.

ತೊಡಕು ಎಲ್ಲಿ ಅಂದ್ರೆ, ಮ ಬಿಟ್ಟು ದಕ್ಕೆ ಹೋಗುವಾಗ ನಡುವೆ ಬೆರಳು ಒಂದು ಗಳಿಗೆ ಎದ್ದರೆ ಸಾಕು, ಪ ತಾನಾಗಿ ಹೊರಗೆ ಬರುತ್ತೆ. ಟ್ರಂಪೆಟ್ಟಿಗೆ ಅತಿ ಸಲೀಸಾದ ಸ್ವರ ಅದು, ಬಾಗಿಲ ಹತ್ತಿರವೇ ನಿಂತಿರುತ್ತೆ. ಈ ರಾಗದಲ್ಲಿ ಅದನ್ನೇ ಒಳಗೆ ಬಿಡುವ ಹಾಗಿಲ್ಲ. ಚೆರ್ರಿ ಸ ಎಲ್ಲಿ ಇಟ್ಟುಕೊಂಡಿದ್ದರೋ, ಆದರೆ ಇಂಥದ್ದೊಂದು ಜಾಗದಲ್ಲಿ ಅವರೂ ಉಸಿರು ಹಿಡಿದು ದಾಟಿರಬೇಕು. ಶ್ರುತಿಪೆಟ್ಟಿಗೆ ತಾಯಿ, ಒಂದು ಕೇಳಬೇಕಿತ್ತು. ಮದಲ್ಲಿ ಎಷ್ಟು ಹೊತ್ತು ನಿಲ್ಲಬಹುದು?

ಶ್ರುತಿಪೆಟ್ಟಿಗೆ · ಮಂಗಳವಾರ ಬೆಳಿಗ್ಗೆ 8:15

ಸರ್, ಉಸಿರು ಇರುವವರೆಗೆ ನಿಲ್ಲಿ. ದಕ್ಕೆ ನೆಟ್ಟಗೆ ಹತ್ತಬೇಡಿ. ಮದಿಂದ ಒಮ್ಮೆ ಗಕ್ಕೆ ಇಳಿದು, ಮತ್ತೆ ಮ ಮುಟ್ಟಿ, ಆಮೇಲೆ ದಕ್ಕೆ ಹೋಗಿ. ಪಂಚಮ ಅಷ್ಟು ಕಾಡೋದಿಲ್ಲ. ರೆಕಾರ್ಡ್ ಮಾಡಿ ಇಲ್ಲಿ ಹಾಕ್ತೀರಾ? ನಾಳೆ ಸಂಜೆ ಪಾಠಕ್ಕೆ ಬರುವ ಮಕ್ಕಳಿಗೆ ಕೇಳಿಸಬೇಕು.

ಬ್ಯಾಂಡ್‌ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 8:40

ಸಂಜೆ ಹಾಕ್ತೀನಮ್ಮ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಇದೆ, ಅದು ಶಾಲೆಗೆ ಹೋಗಲಿ.